ಹತ್ತಕ್ಕೂ ಎರಡೂವರೆಗೂ ನಡುವೆ

“ಬುದ್ಧೀ, ಯಾರೊಂದಿಗೂ ಜಗಳವಾಡದವನು ಏಕೆ ಇಷ್ಟು ದಣಿಯುತ್ತಾನೆ?”

ಕೇಳಿದವನು ಚೆನ್ನಮಲ್ಲ. ಮಠದ ವಿದ್ಯಾರ್ಥಿ ನಿಲಯದ ಉಸ್ತುವಾರಿ ಅವನದು. ಆಡಳಿತ ಮಂಡಳಿಯವರು ಇನ್ನಷ್ಟು ಮಕ್ಕಳನ್ನು ಸೇರಿಸಿಕೋ ಎಂದರೆ ಆಗಲಿ ಎನ್ನುತ್ತಿದ್ದ. ಅಡುಗೆಯವರು ನಮ್ಮ ಕೈಲಾಗುವುದು ಇಷ್ಟೇ ಎಂದರೆ ಅದಕ್ಕೂ ಆಗಲಿ ಎನ್ನುತ್ತಿದ್ದ. ಎರಡೂ ಕಡೆಯವರು ಅವನನ್ನು ಒಳ್ಳೆಯವನೆಂದೇ ಹೇಳುತ್ತಿದ್ದರು. ಆದರೂ ಈಚೆಗೆ ಬೆಳಿಗ್ಗೆ ಏಳುವಾಗಲೇ ಅವನಿಗೆ ಆಯಾಸವಾಗುತ್ತಿತ್ತು.

ಗುರುಗಳು ಅವನಿಗೆ ಕೂರಲು ಹೇಳಿ ಈ ಕತೆ ಹೇಳಿದರು.

ಒಂದು ಊರಿನ ಆಸ್ಪತ್ರೆಯಲ್ಲಿ ಕೊಟ್ರಯ್ಯ ಎಂಬವನಿದ್ದ. ಅಲ್ಲಿನ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಕೆಲಸ ಅವನದು. ಕೆಲಸ ಬಲ್ಲವನು. ಆದರೆ ಆ ಕೆಲಸಕ್ಕೆ ಇದ್ದವನು ಅವನೊಬ್ಬನೇ. ಎಲ್ಲಿ ಏನು ನಿಂತರೂ ಅವನನ್ನೇ ಕೂಗುತ್ತಿದ್ದರು. ಅವನಿಗೆ ಬೇಕಾಗಿದ್ದದ್ದು ಒಂದೇ, ಯಾರೂ ಕೂಗದ ಒಂದು ದಿನ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ಸ್ವಿಚ್ ಇತ್ತು. ಎಲ್ಲ ಕೇಬಲ್ಲುಗಳೂ ಬಂದು ಸೇರುವ ಪೆಟ್ಟಿಗೆ ಅದು. ಅದರ ದೊಡ್ಡ ಕಿಂಡಿಗಳಿಗೆ, ಅಂದರೆ ಪೋರ್ಟುಗಳಿಗೆ, ಎರಡೇ ವೇಗ ಗೊತ್ತಿತ್ತು. ಸೆಕೆಂಡಿಗೆ ಒಂದು ಗಿಗಾಬಿಟ್, ಇಲ್ಲವೇ ಹತ್ತು. ಆ ಸಮಯದಲ್ಲಿ ಸ್ಕ್ಯಾನ್ ಚಿತ್ರಗಳನ್ನು ನೋಡುವ ವೈದ್ಯೆಯ ಕೋಣೆಗೆ ಹೊಸ ಕಂಪ್ಯೂಟರ್ ಬಂತು. ಅದು ಎರಡೂವರೆಯವರೆಗೆ ಹೋಗಬಲ್ಲದು. ಆ ನಡುವಿನ ವೇಗ ಸ್ವಿಚ್ಚಿಗೆ ತಿಳಿಯದು. ಹಾಗೇ ಜೋಡಿಸಿದರೆ ಎರಡೂ ಒಂದರ ವೇಗಕ್ಕೆ ಇಳಿದು ಒಪ್ಪಿಕೊಳ್ಳುತ್ತಿದ್ದವು.

“ಹೊಸದು ತರಿಸಿ ಹಳೇ ವೇಗದಲ್ಲೇ ಓಡಿಸೋದಾದ್ರೆ ಯಾಕ್ರೀ ತರಿಸಬೇಕಿತ್ತು?” ಎಂದು ಆಡಳಿತಾಧಿಕಾರಿ ಕೇಳಿದರು.

ಕೊಟ್ರಯ್ಯನಿಗೆ ವಾದ ಮಾಡುವ ಮನಸ್ಸಿರಲಿಲ್ಲ. ಅವನು ಒಂದು ಮಾಡ್ಯೂಲ್ ತರಿಸಿದ. ಬೆರಳುದ್ದದ ತುಂಡು. ಅದರ ಒಂದು ತುದಿ ಸ್ವಿಚ್ಚಿನ ಪೋರ್ಟಿನೊಳಗೆ ಕೂರುತ್ತದೆ, ಇನ್ನೊಂದು ತುದಿಗೆ ಕೇಬಲ್ ಸಿಕ್ಕಿಸುತ್ತಾರೆ. ಈ ಮಾಡ್ಯೂಲ್ ಸ್ವಿಚ್ಚಿಗೆ ನಾನು ಹತ್ತು ಎನ್ನುತ್ತಿತ್ತು. ಕಂಪ್ಯೂಟರಿಗೆ ನಾನು ಎರಡೂವರೆ ಎನ್ನುತ್ತಿತ್ತು. ಎರಡೂ ಕಡೆ ಹಸಿರು ದೀಪ ಹತ್ತಿತು. ಆಡಳಿತಾಧಿಕಾರಿ ಬಂದು ನೋಡಿ ಬೆನ್ನು ತಟ್ಟಿ ಹೋದರು.

ಸ್ವಿಚ್ಚು ಹತ್ತು ಎಂದು ನಂಬಿ ಹತ್ತರ ಲೆಕ್ಕದಲ್ಲೇ ಕಳಿಸತೊಡಗಿತು. ಮಾಡ್ಯೂಲಿನಲ್ಲಿ ಬಂದದ್ದನ್ನು ಹಿಡಿದಿಟ್ಟುಕೊಳ್ಳಲು ಸ್ವಲ್ಪವೇ ಜಾಗ. ಸಣ್ಣಪುಟ್ಟ ಕೆಲಸಕ್ಕೆ ಅಷ್ಟು ಸಾಕಾಗುತ್ತಿತ್ತು. ದೊಡ್ಡ ಚಿತ್ರಗಳು ಒಟ್ಟಿಗೆ ಬಂದಾಗ ಅದು ತುಂಬಿಹೋಗುತ್ತಿತ್ತು. ಸ್ವಲ್ಪ ತಡಿ ಎಂದು ಸ್ವಿಚ್ಚಿಗೆ ಹೇಳುವ ಶಕ್ತಿ ಅದಕ್ಕಿರಲಿಲ್ಲ. ಹಿಡಿಸದ್ದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತಿತ್ತು.

ಕೆಲವು ದಿನಗಳಲ್ಲೇ ವೈದ್ಯೆ ಕೂಗಿದಳು. ಹಳೆಯ ಸ್ಕ್ಯಾನುಗಳು ತೆರೆಯುವಾಗ ಒಮ್ಮೊಮ್ಮೆ ನಡುವೆ ನಿಲ್ಲುತ್ತಿದ್ದವು. ಕೊಟ್ರಯ್ಯ ನೆಲಮಾಳಿಗೆಗೆ ಇಳಿದು ನೋಡಿದ. ದೀಪ ಹಸಿರಾಗಿತ್ತು. ಸ್ವಿಚ್ ಮಾರಿದವನಿಗೆ ಫೋನ್ ಮಾಡಿದ. “ನಮ್ಮ ಕಡೆ ಹತ್ತು ತೋರಿಸ್ತಿದೆ, ಸರಿ ಇದೆ” ಎಂದ ಅವನು. ಮಾಡ್ಯೂಲ್ ಮಾರಿದವನು “ಕೇಬಲ್ ಕಡೆ ಎರಡೂವರೆ ಬರ್ತಿದೆಯಲ್ಲ, ಮತ್ತೇನು?” ಎಂದ. ಇಬ್ಬರ ಮಾತೂ ನಿಜ. ಕೊಟ್ರಯ್ಯ ಕೇಬಲ್ ಬದಲಿಸಿದ. ಕಂಪ್ಯೂಟರನ್ನು ಆರಿಸಿ ಹೊತ್ತಿಸಿದ. ಮೆಟ್ಟಿಲು ಹತ್ತಿದ, ಇಳಿದ. ಕೊನೆಗೆ, “ನಿಂತ್ರೆ ಇನ್ನೊಂದ್ಸಲ ತೆಗೀರಿ ಮೇಡಂ” ಎಂದು ಹೇಳಿ ಹೋದ. ಮಾಡ್ಯೂಲಿನ ಮೇಲೆ ಅವನಿಗೆ ಅನುಮಾನ ಬಾರದೆ ಇರಲಿಲ್ಲ. ಆದರೆ ಅದನ್ನು ತೆಗೆದರೆ ಮತ್ತೆ ಆಡಳಿತಾಧಿಕಾರಿಯ ಆ ಪ್ರಶ್ನೆಗೆ ಉತ್ತರ ಹೇಳಬೇಕಿತ್ತು. ಅವನು ಸೋತಿದ್ದ.

ಆ ವಾರ ಹನುಮವ್ವ ಎಂಬ ಮುದುಕಿ ಕೆಮ್ಮಿಗೆಂದು ಬಂದಿದ್ದಳು. ಸ್ಕ್ಯಾನಿನಲ್ಲಿ ಶ್ವಾಸಕೋಶದ ಮೇಲೊಂದು ಕಲೆ ಕಂಡಿತು. ವೈದ್ಯೆ ಹಿಂದಿನ ವರ್ಷದ ಚಿತ್ರಗಳನ್ನು ತೆರೆದಳು. ಈ ಸಲ ಅವು ಎಲ್ಲೂ ನಿಂತಂತೆ ಕಾಣಲಿಲ್ಲ, ಅವುಗಳಲ್ಲಿ ಕಲೆಯೂ ಕಾಣಲಿಲ್ಲ. ಹೊಸದಾಗಿ ಬೆಳೆದದ್ದೆಂದು ಅವಳು ತಿಳಿದಳು. ಸೂಜಿ ಚುಚ್ಚಿ ಪರೀಕ್ಷೆ ಮಾಡಬೇಕು, ವಾರ ಬಿಟ್ಟು ಬಾ ಎಂದಳು.

ಹನುಮವ್ವ ಹೇಳಿದ ದಿನ ಬಂದು ಸ್ಕ್ಯಾನ್ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಳು. ಕೊಟ್ರಯ್ಯ ಮತ್ತೊಂದು ಕೂಗಿಗೆ ಓಡುತ್ತಿದ್ದವನು ಉಸಿರು ಬಿಡಲು ಅದೇ ಬೆಂಚಿನ ತುದಿಯಲ್ಲಿ ಕೂತ.

“ಯಪ್ಪಾ, ಸೂಜಿ ಭಾಳ ನೋಯ್ತದೇನು?” ಎಂದು ಅವಳು ಕೇಳಿದಳು.

“ನನಗೆ ಗೊತ್ತಿಲ್ಲವ್ವ. ಯಾತಕ್ಕೆ?”

“ಹೋದ ವರ್ಷ ಇಲ್ದಿದ್ದು ಈ ವರ್ಷ ಐತಂತೆ. ಹಳೇ ಫೋಟೋದಾಗೆ ಕಾಣಲಿಲ್ಲಂತೆ.”

ಕೊಟ್ರಯ್ಯ ಎದ್ದು ನಿಂತ. ನೆಲಮಾಳಿಗೆಗೆ ಇಳಿದು, ಸ್ವಿಚ್ಚು ಆ ಪೋರ್ಟಿನಿಂದ ಕಳಿಸಿದ್ದೆಷ್ಟು ಎಂದು ನೋಡಿದ. ಮೇಲೆ ಬಂದು, ಕಂಪ್ಯೂಟರಿಗೆ ಮುಟ್ಟಿದ್ದೆಷ್ಟು ಎಂದು ನೋಡಿದ. ಎರಡೂ ತಾಳೆಯಾಗಲಿಲ್ಲ, ಮುಟ್ಟಿದ್ದು ಕಡಿಮೆಯಿತ್ತು. ಮತ್ತೆ ಇಳಿದು ಮಾಡ್ಯೂಲನ್ನು ಕಿತ್ತ. ಅದು ಬೆರಳು ಸುಡುವಷ್ಟು ಕಾದಿತ್ತು. ಆ ಜಾಗಕ್ಕೆ ಒಂದರ ವೇಗದ ಹಳೆಯ ಮಾಡ್ಯೂಲ್ ಹಾಕಿ ವೈದ್ಯೆಯ ಬಳಿಗೆ ಹೋದ.

“ಮೇಡಂ, ಚಿತ್ರಗಳು ಪೂರ್ತಿ ಬರ್ತಿರಲಿಲ್ಲ. ನಾನು ಹಾಕಿದ ಮಾಡ್ಯೂಲ್ ನಡುವೆ ಕೆಲವನ್ನ ಬಿಟ್ಟುಬಿಡ್ತಿತ್ತು. ಆ ಅಜ್ಜಿಯ ಹಳೇದನ್ನ ಇನ್ನೊಂದ್ಸಲ ತೆಗೀರಿ.”

“ಮೊದಲೇ ಹೇಳಬಾರದಿತ್ತಾ, ಕೊಟ್ರಯ್ಯ?”

ಎನ್ನುತ್ತಲೇ ಅವಳು ಹಳೆಯದನ್ನು ಮತ್ತೆ ತೆರೆದಳು. ಚಿತ್ರಗಳು ಒಂದರ ಹಿಂದೊಂದು ಬಂದವು. ನಿಧಾನವಾಗಿ ಬಂದವು. ವೈದ್ಯೆ ಕಣ್ಣು ತೆಗೆಯದೆ ನೋಡಿದಳು. ಕಳೆದ ಸಲ ಬಾರದೇ ಉಳಿದ ಭಾಗದಲ್ಲಿ ಕಲೆ ಇತ್ತು. ಅದೇ ಜಾಗದಲ್ಲಿ, ಅಷ್ಟೇ ಗಾತ್ರದಲ್ಲಿ. ಯಾವುದೋ ಹಳೆಯ ಗಾಯದ ಗುರುತು, ಒಂದು ವರ್ಷದಲ್ಲಿ ಚೂರೂ ಬೆಳೆದಿರಲಿಲ್ಲ. ವೈದ್ಯೆ ಹೊರಗೆ ಬಂದು, ಸೂಜಿ ಬೇಡ, ಕೆಮ್ಮಿಗೆ ಔಷಧಿ ಕೊಡುತ್ತೇನೆ, ಮನೆಗೆ ಹೋಗು ಎಂದಳು.

ಹನುಮವ್ವ ನಗಲಿಲ್ಲ.

“ತಿರುಗಿ ಬರ್ತೀನೋ ಇಲ್ಲೋ ಅಂತ ಎಮ್ಮೇನ ತಂಗಿ ಊರಿಗೆ ಹೊಡಕೊಂಡು ಹೋಗಿ ಬಿಟ್ಟು ಬಂದೆ. ವಾರದಿಂದ ನಿದ್ದೆ ಮಾಡಿಲ್ಲ” ಎಂದಳು. ಆಮೇಲೆ ಸೆರಗು ಹೊದ್ದು ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದಳು.

ಮರುದಿನ ಆಡಳಿತಾಧಿಕಾರಿ ಕೊಟ್ರಯ್ಯನನ್ನು ಕರೆಸಿ ವೇಗ ಏಕೆ ಇಳಿಯಿತು ಎಂದು ಕೇಳಿದರು. ಕೊಟ್ರಯ್ಯ ನಡೆದದ್ದನ್ನು ಹೇಳಿದ. ಎರಡೂವರೆ ಬೇಕಿದ್ದರೆ ಅದನ್ನು ಬಲ್ಲ ಸ್ವಿಚ್ಚನ್ನೇ ತರಿಸಬೇಕು, ಅಲ್ಲಿಯವರೆಗೆ ಒಂದರ ವೇಗವೇ ಗತಿ ಎಂದ. ಅವರು ಸಿಟ್ಟಾದರು, ಕೂಗಾಡಿದರು. ಕೊಟ್ರಯ್ಯ ನಿಂತು ಕೇಳಿಸಿಕೊಂಡ. ಮಾತು ಮಾತ್ರ ಬದಲಿಸಲಿಲ್ಲ. ಹೊಸ ಸ್ವಿಚ್ ಬರಲು ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೂ ವೈದ್ಯೆ ಪ್ರತಿ ಚಿತ್ರಕ್ಕೂ ಕಾದಳು.

ಗುರುಗಳು ಕತೆ ನಿಲ್ಲಿಸಿದರು.

ಚೆನ್ನಮಲ್ಲ ನಿಟ್ಟುಸಿರು ಬಿಟ್ಟ. “ಆ ಕೊಟ್ರಯ್ಯ ಎಷ್ಟು ದಣಿದಿರಬೇಕು, ಬುದ್ಧೀ” ಎಂದ.

ಗುರುಗಳು ಅವನ ಮುಖ ನೋಡಿ ಕೇಳಿದರು: “ಇವತ್ತು ನಿನ್ನ ನಿಲಯದಲ್ಲಿ ಕಡೆಯ ಪಂಕ್ತಿಗೆ ಕೂತ ಮಕ್ಕಳು ಏನು ಉಂಡರು, ಚೆನ್ನಮಲ್ಲ?”