ಹರಾಜಿನ ದಾರಿಯಲ್ಲಿ ಕೆಂಪು ದೀಪ

ಇನ್ನೂರು ಕೆಜಿ ರೇಷ್ಮೆಗೂಡು ಹನ್ನೊಂದು ಗಂಟೆಯ ಹರಾಜಿಗೆ ಮುಟ್ಟಬೇಕಿತ್ತು. ತಪ್ಪಿದರೆ ನಾಳೆಗೆ ಚಿಟ್ಟೆಗಳು ಗೂಡು ಕೊರೆದು ಸರಕೆಲ್ಲ ಕಸ. ಮಾರುಕಟ್ಟೆ ಇನ್ನೂ ಎಂಟು ಕಿಲೋಮೀಟರ್ ಇರುವಾಗ ಸಾಕಮ್ಮನ ವ್ಯಾನಿನ ಮೀಟರ್ ಬೋರ್ಡಿನಲ್ಲಿ ಆಯಿಲ್ ದೀಪ ಕೆಂಪಗೆ ಹತ್ತಿತು.

“ಏನಯ್ಯಾ, ನಿನಗೆ ಇದೇ ಹೊತ್ತು ಸಿಕ್ಕಿತೆ?” ಎಂದಿತು ವೇಗದ ಮುಳ್ಳು. “ನಾನು ಅರವತ್ತರಲ್ಲಿದ್ದೇನೆ. ಹರಾಜು ಮುಗಿಯುವ ತನಕ ಕಣ್ಣು ಮುಚ್ಚಿಕೊಂಡಿರು.”

“ಇಂಜಿನ್ನಿಗೆ ಆಯಿಲ್ ಏರುತ್ತಿಲ್ಲ. ಏರುವ ತನಕ ನಾನು ಆರುವುದಿಲ್ಲ,” ಎಂದಿತು ದೀಪ.

ಶಾಖದ ಮುಳ್ಳು ನಡುವೆ ಬಾಯಿ ಹಾಕಿತು. “ನನ್ನ ಕಡೆ ಎಲ್ಲ ಸರಿಯಾಗಿಯೇ ಇದೆಯಲ್ಲ.”

“ಅಣ್ಣಾ, ನೀನು ನೀರಿನ ಬಿಸಿ ನೋಡಿ ಹೇಳುವವನು. ಆ ಬಿಸಿ ನಿನಗೆ ತಟ್ಟುವಷ್ಟರಲ್ಲಿ ಇಂಜಿನ್ ಕಚ್ಚಿಕೊಂಡು ನಿಂತೇಹೋಗಿರುತ್ತದೆ.”

ಸಾಕಮ್ಮ ಹಣೆಯ ಸ್ಟಿಕರ್ ಬೊಟ್ಟು ಕಿತ್ತು ದೀಪದ ಮೇಲೆ ಅಂಟಿಸಿದಳು. “ಹತ್ತು ನಿಮಿಷ ಸುಮ್ಮನಿರಪ್ಪ.”

ದೀಪ ಬೊಟ್ಟಿನ ಅಂಚಿನಿಂದಲೇ ಉರಿಯಿತು. ಒಂದು ಫರ್ಲಾಂಗ್ ಸಹಿಸಿಕೊಂಡು ಸಾಕಮ್ಮ ಗೊಣಗುತ್ತಲೇ ಗಾಡಿ ಪಕ್ಕಕ್ಕೆ ಹಾಕಿ ಇಂಜಿನ್ ಆರಿಸಿದಳು. ಬಗ್ಗಿ ನೋಡಿದರೆ ಇಂಜಿನ್ನಿನ ಕೆಳಗಿನ ಬೋಲ್ಟ್ ಸಡಿಲವಾಗಿ ಆಯಿಲ್ ಸುರಿಯುತ್ತಿತ್ತು. ಬಿಗಿ ಮಾಡಿ, ಗಾಡಿಯಲ್ಲೇ ಇಟ್ಟಿದ್ದ ಡಬ್ಬಿಯ ಆಯಿಲ್ ಹೊಯ್ದು ಸ್ಟಾರ್ಟ್ ಮಾಡಿದಳು. ದೀಪ ಆರಿತು.

“ನೀನು ತಡ ಮಾಡಿಬಿಟ್ಟೆ,” ಎಂದಿತು ವೇಗದ ಮುಳ್ಳು.

“ನನ್ನ ಕೆಲಸ ಮುಗಿಯಿತು. ಈಗ ನಿನ್ನದು, ಓಡು.”

ಹರಾಜಿನಲ್ಲಿ ಕೊನೆಯ ಸರದಿ ಸಿಕ್ಕಿತು. ಹೋದದ್ದು ಹದಿನೈದು ನಿಮಿಷ ಮತ್ತು ಮೂರು ಲೀಟರ್ ಆಯಿಲ್. ದಕ್ಕಿದ್ದು ಇನ್ನೂರು ಕೆಜಿಯ ಮಾರಾಟ, ನಾಳೆಯೂ ಬಾಡಿಗೆಗೆ ಓಡುವ ಇಂಜಿನ್.