ಒಳಲೆಯ ಬಿಸಿ

ಹೊಳೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಆಚೆ ದಡ ಇದೆಯೋ ಇಲ್ಲವೋ ಎಂಬಂತಿತ್ತು. ಆಶ್ರಮದ ಮೆಟ್ಟಿಲ ಮೇಲೆ ನೀಲಗಂಗವ್ವ ಮಗುವನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಾ ಕೂತಿದ್ದಳು.

ಮಗು ಅವಳ ತೀರಿಹೋದ ತಂಗಿಯದು, ಹನ್ನೊಂದು ತಿಂಗಳ ತಂಗೆವ್ವ. ಹುಟ್ಟುವಾಗಲೇ ಮೇಲ್ದುಟಿ ಸೀಳಿತ್ತು, ಬಾಯೊಳಗಿನ ಅಂಗುಳವೂ ಸೀಳಿತ್ತು. ತುಟಿಯನ್ನು ಪೇಟೆಯ ಡಾಕ್ಟರು ಹೊಲಿದಾಗಿತ್ತು. ಅಂಗುಳ ಬಾಕಿ ಇತ್ತು.

ಗುರು ಅಡವಯ್ಯನವರು ಸ್ನಾನ ಮುಗಿಸಿ ಮೆಟ್ಟಿಲು ಹತ್ತಿ ಬಂದರು.

"ಯಾಕವ್ವಾ?"

"ಈಗ ಹೊಲಿಯಂಗಿಲ್ಲ ಅಂದ್ರು ಡಾಕ್ಟರು. ಬಂದಿರೋದೇ ನಾಲ್ಕು ಹಲ್ಲು. ಸೀಳಿನ ಪಕ್ಕದ್ದು ಆಗಲೇ ಹುಳುಕು ಹಿಡದೈತಿ. ಮೊದಲು ಬಾಯಿ ಸ್ವಚ್ಛ ಆಗ್ಬೇಕಂತ. ಹೊಲೀಲಿಲ್ಲ ಅಂದ್ರ ಇದು ನೆಟ್ಟಗ ಮಾತಾಡೋದು ಯಾವಾಗ್ರೀ, ಅಜ್ಜಾರ?"

"ಹುಳುಕು ಎಲ್ಲಿಂದ ಬಂತಂತ?"

"ಯಾರದೋ ಬಾಯಿಂದ ಬಂದ ಕ್ರಿಮಿ ಅಂತಾರ. ಯಾರದು ಬರ್ತೈತಿ? ನನ್ನ ಬಿಟ್ರ ಇದನ್ನ ಯಾರೂ ಎತ್ತಂಗಿಲ್ಲ. ಸಕ್ಕರಿ ಒಂದ್ ಹರಳು ಮುಟ್ಟಿಸಿಲ್ಲ. ಬಾಯಿಗೆ ಬಂದದ್ದು ಹೇಳ್ತಾರ ಅವ್ರು."

ನೀಲಗಂಗವ್ವನಿಗೆ ಅಳು ಎಷ್ಟು ಬೇಗವೋ ಸಿಟ್ಟೂ ಅಷ್ಟೇ ಬೇಗ. ಗುರುಗಳು ವಾದಕ್ಕೆ ಇಳಿಯಲಿಲ್ಲ.

"ಮಗು ಹಸಿದೈತಿ. ಹಾಲು ಕುಡಿಸು."

ಅವಳು ಆಶ್ರಮದ ಒಲೆಯ ಮೇಲೆ ಹಾಲು ಕಾಸಿ, ಕೂಸಿಗೆ ಕುಡಿಸುವ ಮೂತಿಯ ಬಟ್ಟಲಾದ ಒಳಲೆಗೆ ಹಾಕಿ ತಂದಳು. ಅದರ ಮೂತಿಯನ್ನು ತನ್ನ ತುಟಿಗೆ ಹಚ್ಚಿ, ಒಂದು ಗುಟುಕು ಹೀರಿ ಬಿಸಿ ನೋಡಿದಳು. ಆಮೇಲೆ ಮಗುವನ್ನು ನೆಟ್ಟಗೆ ಕೂರಿಸಿಕೊಂಡು, ಹಾಲು ಮೂಗಿಗೆ ಏರದಂತೆ, ಹನಿಹನಿಯಾಗಿ ಕುಡಿಸಿದಳು. ಎಂಥ ತಾಳ್ಮೆ ಅಂತೀರಿ, ಹೆತ್ತವಳಿಗೂ ಬರಲಿಕ್ಕಿಲ್ಲ. ಮಗುವಿನ ಕಣ್ಣು ಮೆಲ್ಲಗೆ ಮುಚ್ಚಿದವು. ಮಂಜು ಮೆಟ್ಟಿಲವರೆಗೂ ಬಂದು ಇಬ್ಬರನ್ನೂ ಸುತ್ತಿಕೊಂಡಿತು. ಯಾವುದೋ ಹಕ್ಕಿ ಕಾಣದ ದಡದಿಂದ ಕೂಗುತ್ತಿತ್ತು.

"ದಿನಾ ಹಿಂಗ ಕುಡಸ್ತೀಯೇನು?"

"ಹೊತ್ತಿಗೊಮ್ಮೆ ಹಿಂಗ, ಅಜ್ಜಾರ."

"ನನಗೂ ಒಂದಿಷ್ಟು ಕೊಡು. ಅದೇ ಒಳಲೆಯಾಗ."

ನೀಲಗಂಗವ್ವ ನಕ್ಕಳು. ಗುರುಗಳು ನಗಲಿಲ್ಲ, ಮಣೆ ಎಳೆದುಕೊಂಡು ಕೂತು ಕೈ ಚಾಚಿದರು.

ಅವಳು ಮಗುವನ್ನು ಪಕ್ಕಕ್ಕೆ ಮಲಗಿಸಿ ಒಲೆಯ ಹತ್ತಿರ ಓಡಿದಳು. ಒಳಲೆಯನ್ನು ಕುದಿಯುವ ನೀರಲ್ಲಿ ತೊಳೆದು ಬೇರೆ ಹಾಲು ಹಾಕಿದಳು. ಮುಂಗೈ ಮೇಲೆ ಒಂದು ಹನಿ ಬಿಟ್ಟು ಬಿಸಿ ನೋಡಿ, ಎರಡೂ ಕೈಯಲ್ಲಿ ತಂದು ಹಿಡಿದಳು.

"ತುಟಿ ಹಚ್ಚಿ ನೋಡಲಿಲ್ಲಲ್ಲ?"

"ಶಿವ ಶಿವಾ. ನಿಮಗ ಎಂಜಲಾ ಕೊಡೂದು ಹೆಂಗ್ರೀ? ಅದ್ರಾಗ ನನ್ನ ಬಾಯಾಗ ಇರೂವೆಲ್ಲ ಹುಳುಕು ಹಲ್ಲು..."

ಅವಳು ಒಳಲೆಯ ಮೂತಿ ನೋಡಿದಳು, ಮಗುವಿನ ಬಾಯಿ ನೋಡಿದಳು.

"ಬಾಯಿ ಸುಡಬಾರದು ಅಂತ ಮಾಡಿದ್ನಿರೀ," ಅಂದಳು.

"ಗೊತ್ತೈತಿ ತಾಯಿ."

ಗುರುಗಳು ಎದ್ದು ತಾವು ಕೂತಿದ್ದ ಮಣೆಯ ಮೇಲೆ ಶಾಲು ಹಾಸಿದರು. ನಿದ್ದೆ ಹೋದ ತಂಗೆವ್ವಳನ್ನು ಎತ್ತಿ ಅದರ ಮೇಲೆ ಮಲಗಿಸಿದರು. ತಾವು ಕೆಳಗಿನ ಮೆಟ್ಟಿಲಲ್ಲಿ ಕೂತು ಮಗುವಿನತ್ತ ಕೈ ತೋರಿದರು.

"ನನಗ ಹೆಂಗ ತಂದಿ, ಇನ್ನ ಮ್ಯಾಲೆ ಈ ಅಜ್ಜಾರಿಗೂ ಹಂಗ ತಂದು ಕೊಡು."