ಆನೆಯ ಕಿವಿಯೊಳಗೆ ಸೆರ್ವಾ ಹೇಳಿದ ಮಾತು

ಭೂಮಿಯ ಮೈಯಿಂದ ಹಸಿಮಣ್ಣಿನ ವಾಸನೆ ಇನ್ನೂ ಹೋಗಿರದ ಕಾಲ. ಬೆಟ್ಟಗಳು ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿ ಕೂತಿರಲಿಲ್ಲ. ಹೊಳೆಗಳು ಕಂಡಕಂಡವರನ್ನು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಆಗ ಕಡಲಾಚೆಯ ಅಸಾಂಟೆ ನಾಡಿನ ಕಾಡಿನಲ್ಲಿ ಸೆರ್ವಾ ಅಂತ ಒಬ್ಬ ಕುಂಬಾರ ಹುಳ ಇದ್ದಳು.

ಕುಂಬಾರ ಹುಳ ಗೊತ್ತಲ್ಲ? ಕಿಟಕಿಯ ಮೂಲೆಗೆ, ಕ್ಯಾಲೆಂಡರಿನ ಹಿಂದಕ್ಕೆ, ಸ್ವಿಚ್ಚಿನ ತೂತಿಗೆ ಮಣ್ಣು ಮೆತ್ತಿ ಗೂಡು ಕಟ್ಟುತ್ತಲ್ಲ, ಅದೇ. ಈಗ ಅದಕ್ಕೆ ಸೊಂಟ ಅನ್ನೋದೇ ಇಲ್ಲ, ನೂಲಿನಷ್ಟು ಸಣ್ಣ. ಆಗ ಹಾಗಿರಲಿಲ್ಲ. ಸೆರ್ವಾ ತುಂಬು ಸೊಂಟದ, ಗಟ್ಟಿ ಕೈಯ ಹೆಂಗಸು. ಸೊಂಟಕ್ಕೊಂದು ಹಳದಿ ನಡುಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಇಳಿದಳೆಂದರೆ ಊಟದ ನೆನಪೂ ಇರುತ್ತಿರಲಿಲ್ಲ.

ಅವಳ ಕೆಲಸ ಗೋಡೆ. ಆ ನಾಡಿನಲ್ಲಿ ಗೋಡೆಗೆ ಬಣ್ಣ ಕೊಡುವುದು, ಚಿತ್ತಾರ ಎಬ್ಬಿಸುವುದು ಹೆಂಗಸರ ಕೈಕೆಲಸ. ಗೋಡೆಯ ಕೆಳಗಿನ ಅರ್ಧಕ್ಕೆ ಕೆಂಪುಮಣ್ಣು ಬಳಿದು, ನುಣ್ಣನೆಯ ಕಲ್ಲಿನಿಂದ ತಿಕ್ಕಿ ತಿಕ್ಕಿ ಮುಖ ಕಾಣುವ ಹಾಗೆ ಮಾಡಬೇಕು. ಮೇಲಿನ ಅರ್ಧಕ್ಕೆ ಬಿಳಿಮಣ್ಣು. ಆ ಬಿಳಿಯ ಮೇಲೆ ಬಳ್ಳಿಯ ಸುರುಳಿ, ಹಕ್ಕಿಯ ಹೆಜ್ಜೆ, ಹಾವಿನ ಹೊರಳು ಎಲ್ಲ ಉಬ್ಬಿ ನಿಲ್ಲಬೇಕು. ಸೆರ್ವಾಳ ಹಾಗೆ ಅದನ್ನು ಮಾಡುವವರು ಇನ್ನೊಬ್ಬರಿರಲಿಲ್ಲ. ನಾನು ಸುಮ್ಮನೆ ಹೇಳುತ್ತಿಲ್ಲ, ಕಾಡೇ ಹೇಳುತ್ತಿತ್ತು.

ಆ ಕಾಡಿಗೆ ಒಬ್ಬ ದೊರೆ ಬೇಕಾದ. ದೊರೆಯನ್ನು ಆರಿಸುವವಳು ಹಿರಿಯಮ್ಮ, ಮುದಿ ಹೆಣ್ಣಾನೆ. ಅಲ್ಲಿ ಕುಲ ನಡೆಯುವುದು ತಾಯಿಯ ಕಡೆಯಿಂದ, ಅದಕ್ಕೇ ಹಿರಿಯಮ್ಮನ ಮಾತೇ ಮಾತು. ಅವಳು ತನ್ನ ತಂಗಿಯ ಮಗ ಅಮೊಆಕೊನನ್ನು ಮುಂದೆ ತಂದು ನಿಲ್ಲಿಸಿದಳು. ಇವನ ಕಿವಿ ನೋಡಿ, ಇಷ್ಟು ದೊಡ್ಡ ಕಿವಿಗೆ ಇರುವೆಯ ಮಾತೂ ಕೇಳಿಸುತ್ತೆ ಅಂದಳು. ಎಲ್ಲರೂ ಒಪ್ಪಿದರು.

ಬಿಳಿ ಮರದ ಪೀಠದ ಮೇಲೆ ಅವನನ್ನು ಕೂರಿಸುವ ದಿನ ಒಬ್ಬೊಬ್ಬರೂ ಎದ್ದು ಹೇಳಿದರು. ನೀನು ಒಬ್ಬನೇ ತಿನ್ನಬಾರದು. ನಮ್ಮನ್ನು ಬೈಯಬಾರದು. ಕಿವಿ ಕಲ್ಲು ಮಾಡಿಕೊಳ್ಳಬಾರದು. ಅಮೊಆಕೊ ಎಲ್ಲಕ್ಕೂ ಹೂಂ ಹೂಂ ಅಂದ. ಆಮೇಲೆ ಅವನ ಕಾಲಿಗೆ ಪಾದರಕ್ಷೆ ತೊಡಿಸಿದರು, ತಲೆಯ ಮೇಲೆ ದೊಡ್ಡ ಛತ್ರಿ ಹಿಡಿದರು. ಇನ್ನು ಮೇಲೆ ಅವನ ಬರಿಗಾಲು ನೆಲ ಮುಟ್ಟಬಾರದು. ಅವನ ಕುಂಡೆ ನೆಲಕ್ಕೆ ತಗುಲಿತೋ, ಅಲ್ಲಿಗೆ ಅವನ ದೊರೆತನ ಮುಗಿಯಿತು. ಅದು ಆ ನಾಡಿನ ಕಟ್ಟಳೆ.

ಇನ್ನೊಂದು ಕಟ್ಟಳೆ ಇತ್ತು. ದೊರೆಯ ಜೊತೆ ಯಾರೂ ನೇರವಾಗಿ ಮಾತಾಡುವ ಹಾಗಿಲ್ಲ. ನಡುವೆ ಒಬ್ಬ ಮಾತುಗಾರ ಚಿನ್ನದ ಹಿಡಿಯ ಕೋಲು ಹಿಡಿದು ನಿಂತಿರುತ್ತಾನೆ. ನಿನ್ನ ಮಾತನ್ನು ಅವನಿಗೆ ಹೇಳಬೇಕು. ಅವನು ಅದರ ಒರಟು ತೆಗೆದು, ನಯ ಮಾಡಿ, ದೊರೆಗೆ ಒಪ್ಪಿಸುತ್ತಾನೆ. ಆ ಕೆಲಸ ಬೂದು ಗಿಳಿಗೆ ಸಿಕ್ಕಿತ್ತು. ಅವನ ಬಾಯಿಗೆ ಬಿದ್ದ ಬೇವೂ ಜೇನಾಗಿ ಹೊರಗೆ ಬರುತ್ತಿತ್ತು.

ದೊರೆಗೆ ಅರಮನೆ ಕಟ್ಟಬೇಕಲ್ಲ, ಸೆರ್ವಾಗೆ ಹೇಳಿಕಳಿಸಿದರು. ಹೊಳೆ ತಿರುಗುವ ಕಡೆ ಒಳ್ಳೆ ಕೆಂಪುಮಣ್ಣು ಇತ್ತು, ಮಳೆಗೆ ಕರಗದೆ ನಿಲ್ಲುವ ಮಣ್ಣು ಆ ಕಾಡಿನಲ್ಲಿ ಅದೊಂದೇ. ಹೊಳೆ ತಾನಾಗಿ ನೀರು ಕೊಟ್ಟಿತು, ಸೆರ್ವಾ ಮಣ್ಣು ಹೊತ್ತಳು. ಮೂರು ತಿಂಗಳು ಮೆತ್ತಿದಳು, ತಿಕ್ಕಿದಳು. ತನ್ನ ಮನೆಯ ಕೆಲಸ ಆಮೇಲೆ ಮಾಡಿಕೊಂಡರಾಯಿತು ಅಂತ ಏಳು ಮಕ್ಕಳನ್ನು ಕೆಸುವಿನ ಎಲೆಯ ಕೆಳಗೆ ಮಲಗಿಸಿದ್ದಳು.

ಅರಮನೆ ಮುಗಿಯಿತು. ಅಮೊಆಕೊ ಅಂಗಳದಲ್ಲಿ ನಿಂತು ಕೆಂಪು ಗೋಡೆಯಲ್ಲಿ ತನ್ನ ಮುಖ ನೋಡಿಕೊಂಡ. ಬಲು ಚೆಂದ ಕಂಡಿತು. ಆ ಕೆಂಪು ಇನ್ನು ಯಾರ ಮನೆಯಲ್ಲೂ ಇರಬಾರದು ಅಂತ ಅವತ್ತೇ ಸಾರಿಸಿದ. ಹೊಳೆಯ ತಿರುವಿನ ಮಣ್ಣೆಲ್ಲ ಅರಮನೆಯದು. ದಂಡಿರುವೆಗಳು ಬಂದು ಸಾಲಾಗಿ ಕಾವಲು ನಿಂತವು.

ಅವನನ್ನು ಗೌರವದಿಂದ ನಾನಾ ಅನ್ನಬೇಕಂತೆ, ಅವರು ಇವರು ಅನ್ನಬೇಕಂತೆ. ಆ ನಾಡಿನವರು ಅನ್ನಲಿ. ನಾನಂತೂ ಅನ್ನೊಲ್ಲ.

ಮಾರನೆಯ ದಿನ ಸೆರ್ವಾ ಮನೆಗೆ ಅಂತ ಒಂದು ಹಿಡಿ ಮಣ್ಣು ತರಲು ಹೋದರೆ ದಂಡಿರುವೆಗಳು ಅವಳನ್ನು ಕಚ್ಚಿ ಓಡಿಸಿದವು. ಹೊಳೆ ನೋಡಿಯೂ ನೋಡದ ಹಾಗೆ ಹರಿಯಿತು. ಅಷ್ಟರಲ್ಲಿ ಗಾಳಿ ಬಂದು, ಮಳೆ ಆ ಬೆಟ್ಟದ ಹಿಂದಿನಿಂದ ಹೊರಟಿದೆ, ಒಂಬತ್ತು ದಿನದಲ್ಲಿ ಇಲ್ಲಿರುತ್ತೆ, ಮಕ್ಕಳನ್ನು ಒಳಗೆ ಮಾಡಿಕೋ ಅಂತ ಹೇಳಿ ಹೋಯಿತು.

ಒಳಗೆ ಅಂದರೆ ಎಲ್ಲಿಗೆ? ಸೆರ್ವಾಗೆ ಮೈಯೆಲ್ಲ ಉರಿಯಿತು. ನಡುಬಟ್ಟೆಯನ್ನು ಒಂದು ಸುತ್ತು ಬಿಗಿದಳು, ಅರಮನೆಗೆ ಹಾರಿದಳು.

ಅಮೊಆಕೊ ಛತ್ರಿಯ ಕೆಳಗೆ ಕೂತಿದ್ದ. ಸೆರ್ವಾ ಗಿಳಿಯ ಮುಂದೆ ನಿಂತು, ತನ್ನ ಮಕ್ಕಳು ಎಲೆಯ ಕೆಳಗೆ ಬಿದ್ದಿವೆ, ಮಳೆ ಬರುತ್ತಿದೆ, ಒಂದು ಗೂಡಿಗಾಗುವಷ್ಟು ಮಣ್ಣು ಬಿಡಿ ಅಂದಳು. ಗಿಳಿ ಕೋಲು ಕುಟ್ಟಿ ಗಂಟಲು ಸರಿಮಾಡಿಕೊಂಡ.

"ನಾನಾ, ತಮ್ಮ ನೆರಳಿನಲ್ಲಿ ಇವಳ ಮಕ್ಕಳು ಹಸಿರೆಲೆಯ ತಂಪಿನಲ್ಲಿ ಮಲಗಿವೆ. ತಮ್ಮ ಮಣ್ಣಿನ ಮೇಲೆ ಮಳೆ ಚೆನ್ನಾಗಿ ಸುರಿಯಲಿ ಅಂತ ಹರಸುತ್ತಿದ್ದಾಳೆ."

ಅಮೊಆಕೊ ತಲೆದೂಗಿದ. ಒಳ್ಳೆ ಹೆಂಗಸು, ಹಿಂದಿನ ಅಂಗಳಕ್ಕೂ ಇವಳೇ ಬಣ್ಣ ಮಾಡಲಿ ಅಂತ ಅಪ್ಪಣೆ ಕೊಟ್ಟ. ಸೆರ್ವಾ ಬಾಯಿ ತೆರೆಯುವುದರೊಳಗೆ ಅವಳನ್ನು ಹೊರಗೆ ಸಾಗಹಾಕಿದರು.

ಐದು ದಿನ ಹಿಂದಿನ ಅಂಗಳದ ಕೆಲಸ ಆಯಿತು. ದೊರೆಯ ಅಪ್ಪಣೆ, ಇಲ್ಲ ಅನ್ನುವ ಹಾಗಿಲ್ಲ. ಸಂಜೆಗೆ ಕೈಗೆ ಅಂಟಿದ ಮಣ್ಣನ್ನು ಕೂಡ ದಂಡಿರುವೆಗಳು ತೊಳೆಸಿಯೇ ಕಳಿಸುತ್ತಿದ್ದವು. ನೋಡಿದೆಯಾ, ಉಗುರಿನ ಸಂದಿಯ ಮಣ್ಣು! ಅದೂ ಅರಮನೆಯದಂತೆ.

ಗಾಳಿ ಮತ್ತೆ ಬಂತು. ಇನ್ನು ನಾಲ್ಕೇ ದಿನ ಕಣಮ್ಮಾ ಅಂತು. ಸೆರ್ವಾ ನಡುಬಟ್ಟೆಯನ್ನು ಇನ್ನೊಂದು ಸುತ್ತು ಬಿಗಿದಳು. ಹೊಟ್ಟೆ ಒಳಗೆ ಹೋಯಿತು. ಹೋಗಲಿ ಅಂದುಕೊಂಡು ಹಾರಿದಳು. ಈ ಸಲ ಹರಸುವ ಮಾತೇ ಹುಟ್ಟದ ಹಾಗೆ ಹೇಳಬೇಕು ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕಿದಳು. ಮಣ್ಣು ಕೊಡದಿದ್ದರೆ ನಾಳೆಯಿಂದ ನಾನು ಗೋಡೆ ಮುಟ್ಟುವುದಿಲ್ಲ, ನಿಮ್ಮ ಅರಮನೆ ಬಿರುಕು ಬಿಡಲಿ ಅಂದಳು, ಗಿಳಿಯ ಮುಖಕ್ಕೇ.

ಗಿಳಿ ಒಂದು ಗಳಿಗೆ ಕಣ್ಣು ಮುಚ್ಚಿದ. "ನಾನಾ, ಈ ಗೋಡೆಗಳ ಅಂದ ಕಂಡು ಇವಳ ಕೈ ನಡುಗುತ್ತಿದೆಯಂತೆ. ಇಂಥ ಗೋಡೆಯನ್ನು ಮುಟ್ಟಲೂ ಮನಸ್ಸು ಬರುತ್ತಿಲ್ಲ ಅನ್ನುತ್ತಾಳೆ."

ಅಮೊಆಕೊಗೆ ಖುಷಿಯೋ ಖುಷಿ. ಹಾಗಾದರೆ ಕೆಂಪು ಇನ್ನೂ ಒಂದು ಮೊಳ ಮೇಲಕ್ಕೆ ಏರಲಿ ಅಂದ. ಆಸ್ಥಾನವೆಲ್ಲ ಭಲೇ ಅಂತು. ಹಿರಿಯಮ್ಮ ಮಾತ್ರ ಪಕ್ಕದಲ್ಲಿ ಕೂತು ಅವನ ಕಿವಿಯನ್ನೇ ನೋಡುತ್ತಿದ್ದಳು. ಅವಳು ಏನೂ ಅನ್ನಲಿಲ್ಲ. ಅನ್ನಬೇಕಿತ್ತು. ನನಗೆ ಅವಳ ಮೇಲೂ ಸಿಟ್ಟಿದೆ.

ನಾಲ್ಕು ದಿನ ಅಂದ ಗಾಳಿಯ ಮಾತು ಸುಳ್ಳಾಗಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಮಳೆ ಬಂತು. ಮೊಳ ಏರಿಸುವ ಅಪ್ಪಣೆಗೆ ಸಿಕ್ಕಿ ಸೆರ್ವಾ ಅರಮನೆಯ ಗೋಡೆಯ ಮೇಲಿದ್ದಳು. ಕಲ್ಲು ಬಿಸಾಕಿ ಓಡಿಬಂದಳು. ಕೆಸುವಿನ ಎಲೆ ಬಾಗಿ ನೆಲ ಮುಟ್ಟಿತ್ತು. ಅದರಡಿ ನೀರು ಹರಿಯುತ್ತಿತ್ತು. ಒಂದೊಂದೇ ಮಗುವನ್ನು ಬಾಯಲ್ಲಿ ಕಚ್ಚಿಕೊಂಡು, ಸೋರುತ್ತಿದ್ದರೂ ಈಗ ಅದೇ ಗತಿ ಅಂತ, ಒಂದು ಮರದ ಪೊಟರೆಗೆ ಹೊತ್ತು ಹಾಕಿದಳು. ಒಂದು, ಎರಡು, ಮೂರು. ಆರು ಮಕ್ಕಳು ಸಿಕ್ಕವು. ಎಲ್ಲರಿಗಿಂತ ಚಿಕ್ಕದು ಸಿಗಲಿಲ್ಲ.

ಹೊಳೆಯ ಹತ್ತಿರ ಹೋಗಿ ಕೇಳಿದಳು.  ಹೊಳೆ, ಕತ್ತಲಾಗುವ ಮುಂಚೆ ಒಂದು ಸಣ್ಣದು ನನ್ನ ಮೇಲಿಂದ ಹೋಯಿತು, ಹಿಡಿದು ನಿಲ್ಲಿಸುವುದಕ್ಕೆ ನನಗೆ ಕೈಯಿಲ್ಲವಲ್ಲ ತಾಯಿ ಅಂತು.

ಸೆರ್ವಾ ಅಳಲಿಲ್ಲ. ನೆನೆದ ನಡುಬಟ್ಟೆಯ ಎರಡು ತುದಿ ಹಿಡಿದು ಎಳೆದಳು, ಎಳೆದಳು, ಉಸಿರು ಸಿಕ್ಕಿಕೊಳ್ಳುವ ತನಕ ಎಳೆದು ಗಂಟು ಹಾಕಿದಳು. ಬೆಳಗಾಗುತ್ತಲೇ ಅರಮನೆಯ ಅಂಗಳದಲ್ಲಿ ನಿಂತಿದ್ದಳು.

"ಅಣ್ಣಾ," ಅಂದಳು ಗಿಳಿಗೆ. "ನನ್ನ ಮಗು ಸತ್ತಿದೆ ಅಂತ ಹೇಳು."

ಗಿಳಿ ಕೋಲು ಎತ್ತಿದ. ಕೊಕ್ಕು ತೆರೆದ. ಮುಚ್ಚಿದ. ಮತ್ತೆ ತೆರೆದ. ಆಸ್ಥಾನವೆಲ್ಲ ಕಾಯುತ್ತಿತ್ತು. ಕೊನೆಗೆ ಅವನು ತಲೆ ಬಗ್ಗಿಸಿ ಅವಳಿಗೆ ಮಾತ್ರ ಕೇಳುವ ಹಾಗೆ ಹೇಳಿದ.

"ಇದನ್ನು ಸಿಹಿ ಮಾಡೋದು ನನಗೆ ಬರೊಲ್ಲ ತಂಗಿ."

"ಸಿಹಿ ಯಾರು ಕೇಳಿದರು? ಇದ್ದ ಹಾಗೆ ಹೇಳು. ಅವರಿಗೆ ಕೇಳಿಸಲಿ."

"ಅವರಿಗೆ ಕೇಳಿಸಿದೆ," ಅಂದ ಗಿಳಿ. "ಮೊದಲನೇ ದಿನವೂ ಕೇಳಿಸಿತ್ತು. ಆ ಕಿವಿ ನೋಡಿದೀಯಲ್ಲ? ನಾಲ್ಕು ಮಾರು ದೂರದಲ್ಲಿ ನಿಂತು ನೀನು ಕೂಗಿದ್ದು ಕೇಳಿಸದೆ ಇರುತ್ತಾ? ಕೇಳಿಸಿದ್ದು ಕೇಳಿಸಲಿಲ್ಲ ಅಂತ ಆಗಬೇಕಲ್ಲ, ಅದಕ್ಕೆ ನಾನು ಇರೋದು."

ಸೆರ್ವಾ ತಲೆಯೆತ್ತಿ ನೋಡಿದಳು. ಅಮೊಆಕೊ ಛತ್ರಿಯ ಕೆಳಗೆ ಕೂತು ಗೋಡೆಯಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿದ್ದ. ಅವಳೇ ತಿಕ್ಕಿದ ಗೋಡೆ. ಅವನ ಎರಡು ಕಿವಿಯೂ ಇವಳ ಕಡೆಗೇ ಅಗಲವಾಗಿ ತೆರೆದಿದ್ದವು. ಮುಖ ಮಾತ್ರ ಆ ಕಡೆ.

ಇಷ್ಟು ದಿನ ಅವಳು ಗಿಳಿಯನ್ನು ಬೈದುಕೊಂಡಿದ್ದಳು. ಪಾಪ, ದೊರೆಗೆ ಗೊತ್ತಿಲ್ಲ, ಗೊತ್ತಾದರೆ ಕೊಟ್ಟುಬಿಡುತ್ತಾನೆ ಅಂದುಕೊಂಡಿದ್ದಳು. ಆ ಪಾಪ ಅನ್ನೋದು ಅಲ್ಲೇ ಸುಟ್ಟುಹೋಯಿತು.

ಅವಳು ಚಿನ್ನದ ಕೋಲನ್ನು ದಾಟಿದಳು. ಛತ್ರಿಯ ಜಾಲರಿ ದಾಟಿದಳು. ಯಾರೋ ತಡೆಯಿರಿ ಅಂದರು. ನೇರ ಅವನ ಕಿವಿಯೊಳಗೆ ಹೊಕ್ಕು, ಒಳಗೆ, ತೀರಾ ಒಳಗೆ, ಕಿವಿಯ ಮೃದು ಚರ್ಮದ ಮೇಲೆ ಕೂತು ಹೇಳಿದಳು.

"ನನ್ನ ಮಗು ಸತ್ತಿದೆ."

ಹೇಳಿ, ತನ್ನ ಮೈಯಲ್ಲಿದ್ದ ಸಿಟ್ಟನ್ನೆಲ್ಲ ಬಾಲದ ತುದಿಗೆ ತಂದು ಚುಚ್ಚಿದಳು. ಅಲ್ಲಿಯವರೆಗೆ ಕುಂಬಾರ ಹುಳಕ್ಕೆ ಕೊಂಡಿಯೇ ಇರಲಿಲ್ಲ. ಅವತ್ತು ಹುಟ್ಟಿತು.

ಆನೆ ಕೂಗಿದ ಕೂಗಿಗೆ ಹೊಳೆ ಒಂದು ಹೆಜ್ಜೆ ಹಿಂದೆ ಸರಿಯಿತು. ಅಮೊಆಕೊ ಎದ್ದ, ಕಿವಿ ಬಡಿದ, ಸುತ್ತು ಹೊಡೆದ. ಛತ್ರಿ ಒಂದು ಕಡೆ ಹಾರಿತು. ಪಾದರಕ್ಷೆ ಒಂದು ಕಡೆ. ಬಿಳಿ ಪೀಠ ಮಗ್ಗುಲಾಗಿ ಬಿತ್ತು. ಕೂರಲು ಹೋದ ದೊರೆ, ಪೀಠ ಇಲ್ಲದ ಜಾಗದಲ್ಲಿ ಧಡ್ ಅಂತ ನೆಲಕ್ಕೆ ಕುಂಡೆ ಊರಿ ಕೂತ.



ಆಳುಗಳು ಪೀಠ ಎತ್ತಲು ಓಡಿದರು. ಆ ನಾಡಿನಲ್ಲಿ ಒಡೆಯ ಎದ್ದಾಗ ಪೀಠವನ್ನು ಮಗ್ಗುಲಾಗಿ ಇಡುತ್ತಾರೆ, ಅವನಿಲ್ಲದಾಗ ಅದರ ಮೇಲೆ ಯಾವುದೂ ಬಂದು ಕೂರಬಾರದು ಅಂತ. ಒಡೆಯ ಬಂದಾಗ ಎತ್ತಿ ನಿಲ್ಲಿಸುತ್ತಾರೆ. ಹಿರಿಯಮ್ಮ ಸೊಂಡಿಲು ಅಡ್ಡ ಹಿಡಿದಳು.

"ಹಾಗೇ ಇರಲಿ," ಅಂದಳು. "ಒಡೆಯ ಇಲ್ಲಿಲ್ಲ."

ಆಮೇಲೆ ನೆಲದ ಮೇಲೆ ಕೂತವನ ಕಡೆ ತಿರುಗಿದಳು.  "ಕಿವಿ ದೊಡ್ಡದು ಅಂತ ನಿನ್ನನ್ನು ತಂದು ಕೂರಿಸಿದ್ದು ನಾನು, ಅಮೊಆಕೊ. ಆ ಮಗುವಿನ ಸಾವಿನಲ್ಲಿ ನನ್ನದೂ ಪಾಲಿದೆ. ಏಳು. ಬರಿಗಾಲಲ್ಲಿ ನಡಿ."

ಅಮೊಆಕೊ ಎದ್ದ. ಪಾದರಕ್ಷೆಯ ಕಡೆ ನೋಡಿದ, ಯಾರೂ ತಂದುಕೊಡಲಿಲ್ಲ. ಬರಿಗಾಲಲ್ಲಿ, ಕೆಂಪು ಧೂಳಿನಲ್ಲಿ ಹೆಜ್ಜೆ ಊರುತ್ತ ಕಾಡಿಗೆ ನಡೆದುಹೋದ. ಕಿವಿಯಲ್ಲಿ ಆ ಮಾತು ಇನ್ನೂ ಗುಂಯ್ ಅನ್ನುತ್ತಿತ್ತು. ಅದನ್ನು ಓಡಿಸಲು ಕಿವಿ ಬೀಸಿದ. ಮತ್ತೆ ಬೀಸಿದ. ಮಾತು ಹೋಗಲಿಲ್ಲ.

ದಂಡಿರುವೆಗಳು ಹೊಳೆಯ ತಿರುವನ್ನು ಬಿಟ್ಟು ಸರಿದವು. ಹಿರಿಯಮ್ಮ ತಾನೇ ಸೊಂಡಿಲಿನಲ್ಲಿ ಮಣ್ಣು ತಂದು ಸೆರ್ವಾಳ ಮುಂದೆ ಸುರಿದಳು. ಇನ್ನು ನಿನಗೆ ಬೇಕಾದಷ್ಟು ಅಂದಳು. ಗಿಳಿ ಕೋಲು ಕೆಳಗಿಟ್ಟು ಮಣ್ಣು ಕಲಸಲು ಬಂದ. ಸೆರ್ವಾ ಅವನನ್ನು ಹತ್ತಿರ ಸೇರಿಸಲಿಲ್ಲ. ಬೇಕಾದಷ್ಟು ಅಂತ ಈಗ ಹೇಳಿದರೆ ಏಳನೆಯದು ಬರುತ್ತಾ?

ಆರು ಮಕ್ಕಳಿಗೆ ಆರು ಕೋಣೆ ಕಟ್ಟಿದಳು. ಚಿತ್ತಾರ ಬಿಡಿಸಲಿಲ್ಲ, ಹೊಳಪು ಕೊಡಲಿಲ್ಲ. ಮಕ್ಕಳನ್ನು ಒಳಗಿಟ್ಟು, ತಿನ್ನುವುದಕ್ಕೆ ಇಟ್ಟು, ಒಂದು ಹನಿಯೂ ಒಳಗೆ ಹೋಗದ ಹಾಗೆ ಬಾಗಿಲಿಗೇ ಮಣ್ಣು ಮೆತ್ತಿದಳು. ಕೆಲಸ ಮುಗಿದ ಮೇಲೆ ನಡುಬಟ್ಟೆ ಬಿಚ್ಚಲು ಹೋದಳು. ನೆನೆದು ಒಣಗಿದ ಗಂಟು ಬಿಚ್ಚಿಕೊಳ್ಳಲಿಲ್ಲ. ಅವಳೂ ಬಹಳ ಹೊತ್ತು ಒದ್ದಾಡಲಿಲ್ಲ. ಇರಲಿ, ಬೇಕಾಗುತ್ತೆ ಅಂದಳು.

ಅದಕ್ಕೇ ಮಗೂ, ಕುಂಬಾರ ಹುಳದ ಸೊಂಟ ಇವತ್ತಿಗೂ ನೂಲಿನಷ್ಟು ಸಣ್ಣ. ಅದಕ್ಕೇ ಅದು ಯಾರ ಅಪ್ಪಣೆಯನ್ನೂ ಕೇಳದೆ ಯಾರ ಗೋಡೆಗೆ ಬೇಕಾದರೂ ಮಣ್ಣು ಮೆತ್ತುತ್ತೆ, ನೀನು ಕಡ್ಡಿ ಹಿಡಿದು ಗೂಡಿನ ಹತ್ತಿರ ಹೋದರೆ ಮಾತಿಲ್ಲ ಕತೆಯಿಲ್ಲ, ಚುಚ್ಚುತ್ತೆ. ಇನ್ನು ಆನೆಯನ್ನು ಕಂಡರೆ ಅದರ ಕಿವಿ ನೋಡು. ನೊಣ ಓಡಿಸುತ್ತಿದೆ, ಸೆಖೆಗೆ ಬೀಸಿಕೊಳ್ಳುತ್ತಿದೆ ಅಂತ ದೊಡ್ಡವರು ಹೇಳುತ್ತಾರೆ, ಆದರೆ ನಿಂತಾಗ, ತಿನ್ನುವಾಗ, ನಡೆಯುವಾಗ ಅದು ಬಿಡದೆ ಕಿವಿ ಬೀಸುತ್ತಿರುವುದು ಅವತ್ತು ಒಳಗೆ ಹೊಕ್ಕ ಮಾತು ಇನ್ನೂ ಹೊರಗೆ ಬಂದಿಲ್ಲ ಅಂತ.